ಪಿಷ್ಟದ ಮೇಲೆ ಬಿದ್ದ ಅಪವಾದ

ಹೊಟ್ಟೆ ಮಡಕೆಯಂತೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ತಿಂದದ್ದೊಂದೂ ಮೈಗೆ ಹತ್ತದ ಮಗುವೊಂದು ಲಂಡನ್ನಿನಲ್ಲಿ ಚಿಪ್ಪುಮೀನು ತಿಂದು ಚೇತರಿಸಿಕೊಂಡಿತು. ದಿನಕ್ಕೆ ಒಂದು ಕ್ವಾರ್ಟ್, ಅಂದರೆ ಲೀಟರಿಗೂ ತುಸು ಮಿಕ್ಕ ಅಳತೆ. ಹಾಲೆಂಡಿನಿಂದ ಬರುತ್ತಿದ್ದ ಮೇಲ್ತರದ ಮಾಲು. ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುತ್ತಾರಲ್ಲ, ಆ ಕುಲದ್ದು. ಹಂಗಾಮು ಮುಗಿಯಿತು, ಚಿಪ್ಪುಮೀನು ನಿಂತಿತು, ಮಗು ಮತ್ತೆ ಸೊರಗಿತು. ಮರುವರ್ಷ ಅದನ್ನೇ ತಂದು ಎಷ್ಟು ಪುಸಲಾಯಿಸಿದರೂ ಮಗು ಬಾಯಿ ತೆರೆಯಲಿಲ್ಲ. ಒಂದು ಹಂಗಾಮು ಪೂರ್ತಿ ಅದೇ ತಿಂದ ಮೇಲೆ ಯಾರು ತಾನೇ ತೆರೆದಾರು!

ಈ ಪ್ರಸಂಗವನ್ನು ಹೇಳಿದವರು ಡಾ. ಸ್ಯಾಮ್ಯುಯೆಲ್ ಗೀ. 1887ರ ಅಕ್ಟೋಬರ್ 5ರಂದು ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಅವರು ಕೊಟ್ಟ ಉಪನ್ಯಾಸ ಮರುವರ್ಷ ಅಚ್ಚಾಯಿತು. ಪುರಾತನ ಗ್ರೀಕ್ ವೈದ್ಯ ಅರೆಟೇಯಸ್ ಹೊಟ್ಟೆ ಎಂಬರ್ಥದ ಪದದಿಂದ ಕೊಟ್ಟಿದ್ದ ಹೆಸರನ್ನೇ ಗೀ ಈ ಕಾಯಿಲೆಗೆ ಎತ್ತಿಕೊಂಡರು. ಸೀಲಿಯಾಕ್ ಎಂದು ಇಂದು ಕರೆಯುವುದು ಅದನ್ನೇ. ವಾಸಿಯಾಗುವುದಿದ್ದರೆ ಅದು ಪಥ್ಯದಿಂದಲೇ ಆಗಬೇಕು ಎಂದರು ಗೀ. ಅಲ್ಲಿಯವರೆಗೆ ಸರಿಯೇ. ಯಾವ ಪಥ್ಯ ಎಂಬಲ್ಲಿ ಅವರ ಲೆಕ್ಕ ತಪ್ಪಿತು. ಪಿಷ್ಟವೇ ತುಂಬಿರುವ ಅಕ್ಕಿ, ಸಬ್ಬಕ್ಕಿ, ಮೆಕ್ಕೆಜೋಳದ ಹಿಟ್ಟು ಕೂಡದು ಎಂದರು. ಬ್ರೆಡ್ಡನ್ನು ತೆಳ್ಳಗೆ ಕೊಯ್ದು, ಎರಡೂ ಬದಿ ಚೆನ್ನಾಗಿ ಸುಟ್ಟು ಕೊಡಬಹುದು ಎಂದರು. ಅವರು ಬೇಡವೆಂದ ಮೂರೂ ಆ ಮಕ್ಕಳಿಗೆ ನಿರಪಾಯ; ಕೊಡಬಹುದೆಂದ ಬ್ರೆಡ್ಡೇ ವಿಷ. ಇದು ಗೊತ್ತಾಗಲು ಇನ್ನೂ ಅರವತ್ತು ವರ್ಷ ಹಿಡಿಯಿತು.

ಚೌತಿಯ ಚಂದ್ರನನ್ನು ಕಂಡವರಿಗೆ ಮಾಡದ ಕಳವಿನ ಅಪವಾದ ಬರುತ್ತದಂತೆ. ಆಧುನಿಕ ವೈದ್ಯಕೀಯದ ಚರಿತ್ರೆಯಲ್ಲಿ ಹಾಗೆ ಸಿಕ್ಕಿಬಿದ್ದದ್ದು ಪಿಷ್ಟ. ಸಾಕ್ಷ್ಯವೂ ಅದಕ್ಕೆ ವಿರುದ್ಧವಾಗಿಯೇ ಇತ್ತು. ಕಾಯಿಲೆಯ ಮಕ್ಕಳ ಮಲದಲ್ಲಿ ನೊರೆ, ಹುಳಿ ವಾಸನೆ, ಜೀರ್ಣವಾಗದ ಜಿಡ್ಡು. ಹಿಟ್ಟಿನ ಪದಾರ್ಥ ಕೊಟ್ಟಷ್ಟೂ ಹೊಟ್ಟೆ ಕೆಡುತ್ತಿತ್ತು. ಇದಕ್ಕೆ ಕಾರಣ ಈಗ ತಿಳಿದಿದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳ ಹಾಗೆ ಚಾಚುಗಳಿರುತ್ತವೆ. ಪಿಷ್ಟದ ತುಣುಕು, ಸಕ್ಕರೆ, ಹಾಲಿನ ಸಿಹಿ ಇವನ್ನು ಕೊನೆಯ ಹಂತದಲ್ಲಿ ಒಡೆಯುವ ಕಿಣ್ವಗಳು ಇರುವುದು ಆ ಚಾಚುಗಳ ತುದಿಯಲ್ಲಿ. ಸೀಲಿಯಾಕ್‌ನಲ್ಲಿ ಚಾಚುಗಳು ಸವೆದು ಗೋಡೆ ಬೋಳಾಗುತ್ತದೆ. ಆಮೇಲೆ ಬಂದ ಅನ್ನ, ಹಾಲು, ಸಕ್ಕರೆ ಎಲ್ಲ ಒಡೆಯದೆ ಕೆಳಗಿಳಿದು ಹುಳಿಯಾಗಿ ನೊರೆಯೇಳುತ್ತವೆ. ಬೆಂಕಿ ಹಚ್ಚಿದವನು ಬೇರೆ, ಹೊಗೆಯಲ್ಲಿ ಕೈಗೆ ಸಿಕ್ಕವನು ಬೇರೆ.

ಗೀ ಅವರದು ಪಿಷ್ಟವೇ ಕಾರ್ಖಾನೆಯ ಸರಕಾಗಿ ಮನೆಮನೆಗೆ ಹೊಕ್ಕ ಕಾಲವೂ ಹೌದು. ರಷ್ಯಾದಲ್ಲಿ ಕಿರ್ಚಾಫ್ ಎಂಬ ರಸಾಯನಶಾಸ್ತ್ರಜ್ಞ 1811ರಲ್ಲೇ ಪಿಷ್ಟವನ್ನು ಆಮ್ಲದಲ್ಲಿ ಕುದಿಸಿ ಸಿಹಿಪಾಕ ಇಳಿಸಿದ್ದ. ಅಮೆರಿಕದಲ್ಲಿ ಥಾಮಸ್ ಕಿಂಗ್ಸ್‌ಫರ್ಡ್ 1842ರಲ್ಲಿ ಮೆಕ್ಕೆಜೋಳದಿಂದ ಪಿಷ್ಟ ಬೇರ್ಪಡಿಸಿದ. ಮೊದಲು ಬಟ್ಟೆಯ ಗಂಜಿಗೆ, ಆಮೇಲೆ ಊಟದ ತಟ್ಟೆಗೆ. ಸ್ಕಾಟ್ಲೆಂಡಿನಲ್ಲಿ ಬ್ರೌನ್ ಅಂಡ್ ಪೋಲ್ಸನ್ ಕಂಪನಿಯ ಕಾರ್ನ್‌ಫ್ಲೋರ್ ಬಂತು. ಇವುಗಳಲ್ಲಿ ತಮಾಷೆಯದು ಕಸ್ಟರ್ಡ್ ಪುಡಿಯ ಹುಟ್ಟು. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿಯ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಮೊಟ್ಟೆಯಿಲ್ಲದೆ ಗಟ್ಟಿಯಾಗುವ ಕಸ್ಟರ್ಡನ್ನು ಅವನು 1837ರಲ್ಲಿ ಪಿಷ್ಟದಿಂದ ಮಾಡಿದ. ಒಬ್ಬಳ ಒಗ್ಗದ ಹೊಟ್ಟೆಗಾಗಿ ಹುಟ್ಟಿದ ಪುಡಿ ಇಂದು ಬೆಂಗಳೂರಿನ ಮದುವೆಮನೆಯ ಫ್ರೂಟ್ ಸಲಾಡಿನಲ್ಲಿ ಹಳದಿಯಾಗಿ ನಿಂತಿದೆ.

ಸತ್ಯ ಕಣ್ಣೆದುರೇ ಹಾದುಹೋದ ಗಳಿಗೆಗಳೂ ಇದ್ದವು. 1918ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಫ್ರೆಡರಿಕ್ ಸ್ಟಿಲ್, ಪಿಷ್ಟದ ಪದಾರ್ಥಗಳಲ್ಲೆಲ್ಲ ಬ್ರೆಡ್ಡೇ ಹೆಚ್ಚು ಕೆಡುಕು ಮಾಡುವಂತಿದೆ, ಆದರೆ ಅದಕ್ಕೆ ತಕ್ಕ ಬದಲಿ ತಮಗೆ ತಿಳಿಯದು ಎಂದು ಹೇಳಿ ಮುಂದೆ ಸಾಗಿಬಿಟ್ಟರು. ಅಕ್ಕಿ, ರಾಗಿ ಉಂಡು ಬೆಳೆದವರಿಗೆ ಈ ಮಾತು ವಿಚಿತ್ರವೆನಿಸೀತು. ಬ್ರೆಡ್ಡಿಗೆ ಬದಲಿಯೇ ಇಲ್ಲ ಎನ್ನುವ ಊರಿನಲ್ಲಿ ಬ್ರೆಡ್ಡನ್ನು ಆರೋಪಿಯ ಕಟಕಟೆಗೆ ಏರಿಸುವವರು ಯಾರು? 1921ರಲ್ಲಿ ಅಮೆರಿಕದ ಜಾನ್ ಹೌಲೆಂಡ್ ಈ ಕಾಯಿಲೆಯನ್ನು ಪಿಷ್ಟ, ಸಕ್ಕರೆಗಳನ್ನು ದೀರ್ಘಕಾಲ ತಾಳದಿರುವ ಸ್ಥಿತಿ ಎಂದೇ ಬಣ್ಣಿಸಿದರು. ಅಪವಾದಕ್ಕೆ ಮುದ್ರೆ ಬಿತ್ತು.

ಆಮೇಲೆ ಬಂತು ಬಾಳೆಹಣ್ಣು.

ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ಹಾಸ್ 1924ರಲ್ಲಿ ಹತ್ತು ಮಕ್ಕಳ ಕಥೆ ಪ್ರಕಟಿಸಿದರು. ಬಾಳೆಹಣ್ಣಿನ ಪಥ್ಯ ಸಿಕ್ಕ ಎಂಟು ಮಕ್ಕಳು ಚೇತರಿಸಿಕೊಂಡಿದ್ದವು. ಸಿಗದ ಎರಡು ಉಳಿಯಲಿಲ್ಲ. ಪಥ್ಯದಲ್ಲಿ ಬಾಳೆಹಣ್ಣಿನ ಜೊತೆ ಹಾಲಿನ ಗಿಣ್ಣು, ಮಾಂಸ, ಕಿತ್ತಳೆ, ತರಕಾರಿ. ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ, ಎಲ್ಲ ಬಗೆಯ ಧಾನ್ಯಕ್ಕೂ ನಿಷೇಧ. ಮುಂದೆ ಸಕ್ಕರೆಯೂ ನಿಷೇಧದ ಪಟ್ಟಿಗೆ ಸೇರಿತು. ಹಣ್ಣಾಗುವಾಗ ಬಾಳೆಯ ಪಿಷ್ಟ ಬಹುಪಾಲು ಸರಳ ಸಿಹಿಯಾಗಿ ಮಾರ್ಪಡುತ್ತದೆ, ಅದಕ್ಕೇ ಅದು ಒಗ್ಗುತ್ತದೆ ಎಂಬುದು ಹಾಸ್ ಅವರ ತರ್ಕ. ಪೋರ್ಟೊ ರಿಕೊ ದ್ವೀಪದ ಒಂದು ಉದಾಹರಣೆಯನ್ನೂ ಅವರು ಕೊಟ್ಟಿದ್ದರು. ಅಲ್ಲಿ ಬ್ರೆಡ್ ತಿನ್ನುವ ಪೇಟೆಯವರನ್ನು ಕರುಳಿನ ಕಾಯಿಲೆ ಕಾಡುತ್ತದೆ, ಬಾಳೆಯ ಮೇಲೆ ಬದುಕುವ ಹಳ್ಳಿಯವರನ್ನು ಕಾಡುವುದಿಲ್ಲ ಎಂದು. ಕೈಯಲ್ಲಿ ಬ್ರೆಡ್ಡಿನ ಸಾಕ್ಷ್ಯ ಹಿಡಿದುಕೊಂಡೇ ಅವರು ಬಾಳೆಗೆ ಹಾರ ಹಾಕಿದರು.

ಆದರೂ ಹಾಸ್ ಅವರನ್ನು ಹಗುರವಾಗಿ ಕಾಣುವಂತಿಲ್ಲ. ಬೇರೆ ಚಿಕಿತ್ಸೆಯೇ ಇಲ್ಲದಿದ್ದ ಕಾಲದಲ್ಲಿ ಸಾವಿನ ಬಾಯಲ್ಲಿದ್ದ ಮಕ್ಕಳನ್ನು ಆ ಪಥ್ಯ ಉಳಿಸಿತು. ಎಲ್ಲ ಧಾನ್ಯವನ್ನೂ ತೆಗೆದಾಗ ಗೋಧಿಯೂ ಹೋಯಿತಲ್ಲ! ಇಡೀ ಬೀದಿಯನ್ನೇ ಜೈಲಿಗೆ ಹಾಕಿದರೆ ಕಳ್ಳನೂ ಒಳಗಿರುತ್ತಾನೆ. ಕೆಡುಕಾದದ್ದು ನಂತರ. ಕೆಲವು ವರ್ಷ ಪಥ್ಯ ಮಾಡಿದ ಮೇಲೆ ಮಗು ಪೂರ್ತಿ ಗುಣವಾಯಿತು, ಇನ್ನು ಎಲ್ಲವನ್ನೂ ತಿನ್ನಬಹುದು ಎಂದು ಹಾಸ್ ನಂಬಿದ್ದರು. ಹಾಗೆ ಗೋಧಿಗೆ ಮರಳಿದವರ ಕರುಳು ಒಳಗೊಳಗೇ ಸವೆಯತೊಡಗಿತು. ಇತ್ತ ಮಧ್ಯ ಅಮೆರಿಕದ ತೋಟಗಳನ್ನು ಹಿಡಿದಿದ್ದ ಯುನೈಟೆಡ್ ಫ್ರೂಟ್ ಕಂಪನಿಗೆ ಬಾಳೆಹಣ್ಣು ಮಕ್ಕಳ ಆರೋಗ್ಯದ ಹಣ್ಣೆಂಬ ಕೀರ್ತಿ ವ್ಯಾಪಾರಕ್ಕೂ ಒದಗಿಬಂತು.

ಬಾಳೆಹಣ್ಣಿನ ಪಥ್ಯ ಯುರೋಪಿಗೂ ಹೋಯಿತು. ಅಲ್ಲಿಂದ ಅದನ್ನು ಕಿತ್ತುಹಾಕಿದ್ದು ಯಾವ ವಾದವೂ ಅಲ್ಲ, ಯುದ್ಧ.

ವಿಲ್ಲೆಮ್ ಕಾರೆಲ್ ಡಿಕೆ ಹಾಲೆಂಡಿನ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ. 1936ರಲ್ಲಿ, ಮೂವತ್ತೊಂದನೆಯ ವಯಸ್ಸಿಗೇ ಅದರ ಮುಖ್ಯಸ್ಥರಾದವರು. ಬ್ರೆಡ್ ನಿಲ್ಲಿಸಿದರೆ ತನ್ನ ಮಗುವಿನ ತೊಂದರೆ ಇಳಿಯುತ್ತದೆ ಎಂದು ಒಬ್ಬ ತಾಯಿ ಹೇಳಿದ ಮಾತು ಅವರ ಕಿವಿಯಲ್ಲಿ ಉಳಿದಿತ್ತಂತೆ. ಅಡುಗೆಮನೆಯಿಂದ ಬಂದ ಇಂಥ ಮಾತನ್ನು ಎಷ್ಟು ವೈದ್ಯರು ಕೇಳಿಸಿಕೊಳ್ಳುತ್ತಾರೆ? ಡಿಕೆ ಕೇಳಿಸಿಕೊಂಡರು. ಗೋಧಿ ಬಿಟ್ಟ ಪಥ್ಯವನ್ನು ಯುದ್ಧಕ್ಕೆ ಮುಂಚೆಯೇ ಪರೀಕ್ಷಿಸಲು ಶುರುಮಾಡಿದರು. 1941ರಲ್ಲಿ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬರೆದರು. ಹಾಸ್ ಹೇಳಿದ ಬಾಳೆಹಣ್ಣು ಈಗ ಸಿಗುತ್ತಿಲ್ಲ, ರೇಷನ್ ಕಾಲದಲ್ಲಿ ನಡೆಯಬಹುದಾದ ಸರಳ ಪಥ್ಯ ಇದು ಎಂದು ಪೀಠಿಕೆ ಹಾಕಿ, ಬ್ರೆಡ್ ಬೇಡ, ರಸ್ಕ್ ಬೇಡ, ಗೋಧಿ ಹಿಟ್ಟು ಬೆರೆಸದ ಗಂಜಿ ಆಗಬಹುದು ಎಂದರು. ಗೀ ಬೇಡವೆಂದದ್ದು ಬೇಕಾಯಿತು, ಕೊಡಿ ಎಂದದ್ದು ಬೇಡವಾಯಿತು.

ಮುಂದಿನದು ಹೆಚ್ಚು ಪ್ರಸಿದ್ಧ. 1944ರ ಸೆಪ್ಟೆಂಬರಿನಲ್ಲಿ ಡಚ್ ರೈಲ್ವೆ ನೌಕರರು ಮುಷ್ಕರ ಹೂಡಿದರು; ಅದಕ್ಕೆ ಪ್ರತೀಕಾರವಾಗಿ ಜರ್ಮನ್ ಸೇನೆ ಪಶ್ಚಿಮ ಹಾಲೆಂಡಿಗೆ ಆಹಾರ ಹೋಗದಂತೆ ತಡೆಯಿತು. ಆ ಚಳಿಗಾಲದಲ್ಲಿ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು, ಸಕ್ಕರೆ ಬೀಟ್ ತುರಿದು ತಿಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಬ್ರೆಡ್ ಕಾಣದ ಆ ತಿಂಗಳುಗಳಲ್ಲಿ ಡಿಕೆಯ ಸೀಲಿಯಾಕ್ ಮಕ್ಕಳು ಮಾತ್ರ ಕಂಗೆಡಲಿಲ್ಲ. ಪರಿಹಾರದ ಬಿಳಿ ಬ್ರೆಡ್ ಬಂದ ಮೇಲೆ ಅವರ ಹೊಟ್ಟೆ ಮತ್ತೆ ಕೆಟ್ಟಿತು ಎಂಬ ಕಥೆ ಜಗತ್ತನ್ನೇ ಸುತ್ತಿದೆ. ಬರಗಾಲದಲ್ಲೇ ಹೊಳೆದ ಸತ್ಯ ಎಂದು ಹೇಳಿದರೆ ಕಥೆ ರೋಚಕವಾಗುತ್ತದೆ, ನಿಜ. ಆದರೆ 1941ರ ಬರಹ ಕಣ್ಣೆದುರಿಗಿದೆ. ಡಿಕೆಗೆ ಬರಗಾಲ ಕಲಿಸಿದ್ದಲ್ಲ, ಮೊದಲೇ ಕಲಿತದ್ದಕ್ಕೆ ರುಜು ಹಾಕಿಕೊಟ್ಟದ್ದು.

ಇಲ್ಲೊಂದು ಅಡ್ಡಮಾತು. ಅದೇ ಯುದ್ಧ ಹಾಲೆಂಡಿನ ಮಕ್ಕಳ ತಟ್ಟೆಯಿಂದ ಗೋಧಿಯನ್ನು ಕಿತ್ತುಕೊಂಡರೆ, ಬೆಂಗಳೂರಿನ ತಟ್ಟೆಗೆ ಗೋಧಿಯನ್ನು ತಂದಿತು. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತಿತು. ಅಕ್ಕಿಯ ಕೊರತೆಯಲ್ಲೇ ತಾವು ರವೆ ಇಡ್ಲಿ ಕಂಡುಹಿಡಿದದ್ದು ಎಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ.

ಯುದ್ಧ ಮುಗಿದ ಮೇಲೆ ಡಿಕೆ ಪಕ್ಕಾ ಪುರಾವೆಗೆ ಕುಳಿತರು. ಉಟ್ರೆಕ್ಟಿನ ರಸಾಯನ ವಿಜ್ಞಾನಿ ವಾನ್ ಡೆ ಕಾಮರ್ ಮಲದಲ್ಲಿ ಉಳಿಯುವ ಜಿಡ್ಡನ್ನು ಕರಾರುವಾಕ್ಕಾಗಿ ಅಳೆಯುವ ವಿಧಾನ ರೂಪಿಸಿದ್ದರು. ಡಾ. ವೈಯರ್ಸ್ ಜೊತೆಗೂಡಿದರು. ಮಕ್ಕಳಿಗೆ ಒಂದೊಂದೇ ಧಾನ್ಯ ಕೊಟ್ಟು, ತೂಕ, ಎತ್ತರ, ಜಿಡ್ಡು ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟ ಡಿಕೆಯ ಪ್ರಬಂಧ 1950ರಲ್ಲಿ ಹೊರಬಂತು. ಗೋಧಿ ಕೊಟ್ಟರೆ ಮಗು ಕುಗ್ಗುತ್ತದೆ, ರೈ ಕೊಟ್ಟರೂ ಹಾಗೆಯೇ. ಅಕ್ಕಿ, ಮೆಕ್ಕೆಜೋಳ ಕೊಟ್ಟರೆ ಏನೂ ಆಗದು. ಎಲ್ಲಕ್ಕಿಂತ ದೊಡ್ಡ ಮಾತು, ಗೋಧಿಯಿಂದಲೇ ತೆಗೆದ ಶುದ್ಧ ಪಿಷ್ಟ ಕೊಟ್ಟರೂ ಏನೂ ಆಗದು.

ಪಿಷ್ಟ ಬಿಡುಗಡೆಯಾದದ್ದು ಅಲ್ಲಿ.

ಗೋಧಿಯಿಂದ ಪಿಷ್ಟ ಬೇರ್ಪಡಿಸುವುದು ಕನ್ನಡದ ಅಡುಗೆಮನೆಗೆ ಹೊಸದಲ್ಲ. ಹಾಲುಬಾಯಿ ಮಾಡುವವರು ಗೋಧಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆಯುತ್ತಾರೆ. ಹಾಲನ್ನು ಇಟ್ಟರೆ ತಳದಲ್ಲಿ ಬೆಳ್ಳಗೆ ಕೂರುವುದು ಪಿಷ್ಟ. ಬಟ್ಟೆಯಲ್ಲಿ ಉಳಿಯುವ ಚರಟವನ್ನು ಹಿಚುಕಿ ನೋಡಿದರೆ ಹೊಟ್ಟಿನ ಜೊತೆ ಒಂದು ಜಿಗುಟು ಎಳೆಯುತ್ತದೆ. ಅದೇ ಗ್ಲೂಟನ್, ಗೋಧಿಯ ಸಸಾರಜನಕ. ಚಪಾತಿ ಹಿಟ್ಟಿಗೆ ಹದ ಬರುವುದು, ಮೈದಾ ಹಿಟ್ಟಿನ ಕಣಕ ರಬ್ಬರಿನ ಹಾಗೆ ಹಿಗ್ಗಿ ಹೋಳಿಗೆಯ ಹೂರಣವನ್ನು ಹರಿಯದೆ ಹಿಡಿಯುವುದು ಅದರಿಂದಲೇ. ಇಟಲಿಯ ಬೊಲೊನ್ಯಾದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸ 1728ರಲ್ಲಿ ಹಿಟ್ಟನ್ನು ನೀರಿನಲ್ಲಿ ತೊಳೆದು ಇವೆರಡನ್ನೂ ಬೇರೆ ಮಾಡಿ ತೋರಿಸಿದ್ದ. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ಅದೇ ಹಳೆಯ ಉಪಾಯ ಹಿಡಿದರು. ಹಿಟ್ಟು ತೊಳೆದರು, ಪಿಷ್ಟ ಒಂದು ಕಡೆ, ಜಿಗುಟು ಒಂದು ಕಡೆ. ಮಕ್ಕಳ ಕರುಳನ್ನು ಕೆಡಿಸುತ್ತಿದ್ದದ್ದು ಜಿಗುಟು. ಕಸ್ಟರ್ಡ್ ಪುಡಿಯ ಊರಿನಲ್ಲೇ ಪಿಷ್ಟಕ್ಕೆ ಎರಡನೆಯ ಖುಲಾಸೆ ಸಿಕ್ಕಿತು.

ಹಾಗಾದರೆ ಸಕ್ಕರೆ, ಪಿಷ್ಟ ಯಾರಿಗೂ ಆಗದೆ ಹೋಗುವುದಿಲ್ಲವೇ? ಕೆಲವರಿಗೆ ಖಂಡಿತ ಆಗುವುದಿಲ್ಲ. ಅದನ್ನು ಕಂಡುಹಿಡಿದವರೂ ಅದೇ ಡಚ್ಚರು ಎಂಬುದು ಈ ಚರಿತ್ರೆಯ ಚೆಂದ. 1960ರಲ್ಲಿ ವೈಯರ್ಸ್, ವಾನ್ ಡೆ ಕಾಮರ್, ಮೊಸ್ಸೆಲ್ ಮತ್ತು ಡಿಕೆ ಸೇರಿ ಬೇರೊಂದು ಬಗೆಯ ಮಕ್ಕಳನ್ನು ವರ್ಣಿಸಿದರು. ಇವರಿಗೆ ಗೋಧಿಯ ಜಿಗುಟಿನಿಂದ ತೊಂದರೆಯಿಲ್ಲ. ಕಬ್ಬಿನ ಸಕ್ಕರೆ ಕೊಟ್ಟೊಡನೆ ಭೇದಿ. ಸಕ್ಕರೆಯನ್ನು ಎರಡಾಗಿ ಒಡೆಯುವ ಕಿಣ್ವವೇ ಹುಟ್ಟಿನಿಂದ ಇಲ್ಲ. ಪಿಷ್ಟದ ತುಂಡುಗಳನ್ನು ಒಡೆಯಲೂ ಅದೇ ಕಿಣ್ವ ಬೇಕಾದ್ದರಿಂದ ಗಂಜಿ, ಬಿಸ್ಕತ್ತು, ದಪ್ಪಗಾಗಲು ಪಿಷ್ಟ ಬೆರೆಸಿದ ಸೂಪು ಕೂಡ ಕೆಲವರಿಗೆ ಕಷ್ಟ. ಹೆಚ್ಚಿನ ಕಡೆ ಅಪರೂಪವಾದ ಈ ಕೊರತೆ ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಇರುವುದು 1970ರ ದಶಕದಿಂದೀಚೆಗೆ ತಿಳಿಯಿತು. ಸೀಲ್, ಮೀನು, ತಿಮಿಂಗಿಲ ತಿಂದು ಬದುಕಿದವರಿಗೆ ಸಕ್ಕರೆ ಒಡೆಯುವ ಕಿಣ್ವದ ಕೊರತೆ ಯಾವತ್ತೂ ಕಾಡಿರಲಿಲ್ಲ. ಡೆನ್ಮಾರ್ಕಿನ ಹಡಗುಗಳು ಸಕ್ಕರೆ ತಂದಾಗ ಅದು ಕಾಯಿಲೆಯಾಯಿತು.

ಇನ್ನೊಂದು ಪ್ರಕರಣ 1956ರದು. ಹಣ್ಣು, ಸಿಹಿ ತಿಂದರೆ ವಾಂತಿಯಾಗಿ ತಲೆ ತಿರುಗಿ ಬೀಳುತ್ತಿದ್ದ 24 ವರ್ಷದ ಹೆಂಗಸೊಬ್ಬರ ಬಗ್ಗೆ ಲಂಡನ್ನಿನ ವೈದ್ಯರಿಬ್ಬರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಆಕೆಯ ಯಕೃತ್ತಿಗೆ ಒಗ್ಗುತ್ತಿರಲಿಲ್ಲ. ಇಂಥವರು ಬಾಲ್ಯದಿಂದಲೇ ಸಿಹಿ ಕಂಡರೆ ಮುಖ ತಿರುಗಿಸುತ್ತಾರೆ, ಹಾಗಾಗಿ ಅವರ ಹಲ್ಲು ಹುಳುಕಾಗುವುದು ಕಡಿಮೆ. ಹಬ್ಬದ ಮನೆಯಲ್ಲಿ ಪಾಯಸ ಬೇಡವೆನ್ನುವ ಮಗುವನ್ನು ಹಟಮಾರಿ ಎನ್ನುವ ಮುಂಚೆ ಇದೊಂದು ನೆನಪಿರಲಿ.

ಹಾಸ್ ಅವರ ಪಥ್ಯ ಮಾತ್ರ ಸಾಯಲಿಲ್ಲ. ಕರುಳಿನ ಹುಣ್ಣಿನಿಂದ ನರಳುತ್ತಿದ್ದ ಮಗಳನ್ನು 1950ರ ದಶಕದ ಕೊನೆಗೆ ಅವರಲ್ಲಿಗೆ ಕರೆತಂದ ತಾಯಿ ಎಲೈನ್ ಗೊಟ್‌ಷಾಲ್. ಮಗಳು ಚೇತರಿಸಿಕೊಂಡಳು, ತಾಯಿ ತಡವಾಗಿ ಕಾಲೇಜು ಸೇರಿ ಜೀವವಿಜ್ಞಾನ ಓದಿ, 1987ರಲ್ಲಿ ಪುಸ್ತಕ ಬರೆದರು. ಸಕ್ಕರೆ, ಪಿಷ್ಟ, ಧಾನ್ಯ, ಪ್ಯಾಕೆಟ್ ಆಹಾರದ ಸೇರ್ಪಡೆಗಳು ಎಲ್ಲವನ್ನೂ ದೂರವಿಡುವ ಆ ಪಥ್ಯಕ್ಕೆ ಇಂದಿಗೂ ನಿಷ್ಠಾವಂತರಿದ್ದಾರೆ. ಕರುಳಿನ ಉರಿಯೂತವಾದ ಕ್ರೋನ್ಸ್ ಕಾಯಿಲೆಯ ವಯಸ್ಕರಲ್ಲಿ ಇದನ್ನೂ ಮೆಡಿಟರೇನಿಯನ್ ಊಟವನ್ನೂ ಹೋಲಿಸಿದ ಅಮೆರಿಕದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆರು ವಾರದ ಕೊನೆಗೆ ಲಕ್ಷಣ ಇಳಿದವರು ಒಂದು ಕಡೆ ನೂರಕ್ಕೆ 46.5, ಇನ್ನೊಂದು ಕಡೆ 43.5. ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಅಷ್ಟು ಕಠಿಣ ವ್ರತ ಹಿಡಿದವರಿಗೆ ಇದು ನುಂಗಲಾರದ ತುತ್ತು.

ಅತ್ತ ಗ್ಲೂಟನ್ ಮೇಲೂ ಅಪವಾದ ಹೊರಿಸುವ ಕಾಲ ಬಂತು. ಸೀಲಿಯಾಕ್ ಇಲ್ಲದೆಯೂ ಗ್ಲೂಟನ್ ಒಗ್ಗದು ಎಂದು ಅದನ್ನು ಬಿಟ್ಟಿದ್ದ 59 ಮಂದಿಯನ್ನು ನಾರ್ವೆಯ ಸಂಶೋಧಕರು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ಯಾವುದರಲ್ಲಿ ಏನಿದೆ ಎಂದು ಹೇಳದೆ ತಿನಿಸು ಕೊಟ್ಟಾಗ ಹೆಚ್ಚು ತೊಂದರೆ ಕೊಟ್ಟದ್ದು ಗ್ಲೂಟನ್ ಅಲ್ಲ, ಫ್ರಕ್ಟಾನ್. ಅದು ಗೋಧಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಒಂದು ಶರ್ಕರಪಿಷ್ಟ. ನಾರಿನಂಶ ಹೆಚ್ಚಿಸಲೆಂದು ಪ್ಯಾಕೆಟ್ ತಿನಿಸುಗಳಿಗೆ ಬೆರೆಸುವ ಇನ್ಯುಲಿನ್ ಅದರದೇ ಬಳಗ. ಗೀ ಮತ್ತು ಹೌಲೆಂಡ್ ಅವರ ಹಳೆಯ ಗುಮಾನಿ ಬೇರೆ ಜನರ ವಿಷಯದಲ್ಲಿ, ಬೇರೆ ಬಾಗಿಲಿನಿಂದ ಒಳಗೆ ಬಂದಂತಾಯಿತು.

ಭಾರತದ ಭಾಗ ಇದರಲ್ಲಿ ಚಿಕ್ಕದಾದರೂ ಮುಖ್ಯ. ನಮ್ಮಲ್ಲಿ ತಿಂದದ್ದು ಮೈಗೆ ಹತ್ತದ ಕಾಯಿಲೆಗೆ ಗ್ರಹಣಿ ಎಂಬ ಹೆಸರಿತ್ತು, ಚರಕ ಅದಕ್ಕೆ ಮಜ್ಜಿಗೆಯನ್ನು ಹೊಗಳಿದ್ದಾನೆ. ಆ ಹೆಸರಿನಡಿ ಹಲವು ಕಾಯಿಲೆಗಳು ಕೂಡಿಕೊಂಡಿದ್ದವು. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಉತ್ತರ ಭಾರತದ ಮಕ್ಕಳ ಸೀಲಿಯಾಕ್ ಬಗ್ಗೆ ವಾಲಿಯಾ, ಘಾಯ್ ಮೊದಲಾದ ವೈದ್ಯರ ವರದಿ ಬರುವವರೆಗೆ ಇದು ಬಿಳಿಯರ ಕಾಯಿಲೆ ಎಂದೇ ಭಾವಿಸಿದ್ದವರಿದ್ದರು. ಐವತ್ತು ವರ್ಷದ ನಂತರ, 2016ರಲ್ಲಿ, 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಮಂದಿಯಲ್ಲಿ, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10. ವಂಶವಾಹಿ ಬೇರೆಯೇ? ಇಲ್ಲ, ಕಾಯಿಲೆಗೆ ಆಸ್ಪದ ಕೊಡುವ ವಂಶವಾಹಿ ಮೂರೂ ಕಡೆ ಸುಮಾರಾಗಿ ಮೂರರಲ್ಲಿ ಒಬ್ಬರಿಗಿತ್ತು. ಬೇರೆಯಾಗಿದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ. ಈಶಾನ್ಯದವರದ್ದೂ 37 ಗ್ರಾಂ ಮಾತ್ರ ಎಂಬುದನ್ನು ನೋಡಿದರೆ ಗೋಧಿಯೊಂದರಿಂದಲೇ ಎಲ್ಲವೂ ವಿವರಣೆಯಾಗುವುದಿಲ್ಲ ಎಂದೂ ಒಪ್ಪಬೇಕು.

ದಕ್ಷಿಣದ ತಟ್ಟೆಯೂ ಈಗ ಹಳೆಯದಾಗಿ ಉಳಿದಿಲ್ಲ. ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ. ಇವಾದರೂ ಕಣ್ಣಿಗೆ ಕಾಣುವ ಗೋಧಿ. ಕಾಣದ್ದೇ ಹೆಚ್ಚು ಕಾಟ ಕೊಡುವುದು. ರಾಗಿ ಮಾಲ್ಟ್ ಸೀಲಿಯಾಕ್ ಇದ್ದವರಿಗೂ ಸರಿ, ಏಕೆಂದರೆ ಅಲ್ಲಿ ಮೊಳಕೆ ಬಂದದ್ದು ರಾಗಿ. ಡಬ್ಬಿಯ ಮಾಲ್ಟ್ ಪೇಯದಲ್ಲಿ ಮೊಳಕೆ ಬಂದದ್ದು ಸಾಮಾನ್ಯವಾಗಿ ಬಾರ್ಲಿ, ಅದು ಕೂಡದು. ಹೆಸರು ಒಂದೇ, ಕಾಳು ಬೇರೆ. ಬೆಳಗಾವಿ ಕಡೆಯ ಖಪ್ಲಿ ಗೋಧಿ ಎಷ್ಟೇ ಹಳೆಯ ತಳಿಯಾಗಲಿ, ಅದರಲ್ಲೂ ಗ್ಲೂಟನ್ ಇದೆ. ಪ್ಯಾಕೆಟ್ಟಿನ ಮೇಲೆ 1412, 1422, 1442 ಎಂಬ ಅಂಕಿಗಳಲ್ಲಿ ಅಡಗಿರುವುದು ಮಾರ್ಪಡಿಸಿದ ಪಿಷ್ಟ. ಸಾಸ್, ಸೂಪಿನ ಪುಡಿ ದಪ್ಪಗಾಗುವುದು ಇದರಿಂದ. ಬಹುಪಾಲು ಮೆಕ್ಕೆಜೋಳದ್ದೋ ಮರಗೆಣಸಿನದ್ದೋ ಆಗಿರುತ್ತದೆ. ಗೋಧಿಯದ್ದಾದರೂ ಗ್ಲೂಟನ್ ಕಿಲೋಗೆ 20 ಮಿಲಿಗ್ರಾಂ ಮೀರದಂತೆ ತೊಳೆದದ್ದಾದರೆ ಗ್ಲೂಟನ್ ರಹಿತ ಎಂದೇ ಅಂತರರಾಷ್ಟ್ರೀಯ ನಿಯಮ ಒಪ್ಪುತ್ತದೆ. ಡಿಕೆ 1950ರಲ್ಲಿ ಹೇಳಿದ್ದು ಅದನ್ನೇ.

ಇನ್ನುಳಿದದ್ದು ಇಂಗು. ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದೆ ಎಂಬ ಗಾದೆಯ ನಾಡು ಇದು. ಅಫ್ಘಾನಿಸ್ತಾನ, ಇರಾನ್, ಉಜ್ಬೇಕಿಸ್ತಾನಗಳಿಂದ ಬರುವ ಅಸಲಿ ಇಂಗಿನ ಅಂಟು ನೇರವಾಗಿ ಬಳಸಲಾರದಷ್ಟು ಘಾಟು. ಅದಕ್ಕಾಗಿ ಗೋಂದು ಮತ್ತು ಹಿಟ್ಟು ಬೆರೆಸಿ ಹದ ಮಾಡಿ ಮಾರುತ್ತಾರೆ. ಆ ಹಿಟ್ಟು ಹೆಚ್ಚಾಗಿ ಗೋಧಿಯದು, ಮೈದಾ. ಅನ್ನ, ತಿಳಿಸಾರು, ಮಜ್ಜಿಗೆ ಮಾತ್ರ ಉಂಡೆ ಎನ್ನುವ ಸೀಲಿಯಾಕ್ ರೋಗಿಯ ಊಟದಲ್ಲಿ ಗೋಧಿ ಹೀಗೆ ಒಗ್ಗರಣೆಯ ಸೌಟಿನಿಂದ ಇಳಿಯುತ್ತದೆ. ಮನೆಯಲ್ಲಿ ಅಂಥವರಿದ್ದರೆ ಇಂಗಿನ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತನ್ನಿ.